ಇಂದುಮತಿ ಅಕ್ಕೋರ ಹುಬ್ಬು

ಈ ಸಲವೂ ಹುಬ್ಬು ನಗುವಾಗಿಯೇ ಹೊರಬಂತು.

ಸಂಯುಕ್ತಾ ಸವದತ್ತಿ ಕೈಯಲ್ಲಿದ್ದ ಚಿತ್ರ ಬಿಡಿಸುವ ಕಡ್ಡಿಯನ್ನು ಮೇಜಿನ ಮೇಲೆ ಒಗೆದು ಕುರ್ಚಿಗೆ ಒರಗಿದಳು. ಎದುರಿನ ಪರದೆಯಲ್ಲಿ ಅರವತ್ತು ದಾಟಿದ ಹೆಂಗಸಿನ ಮುಖವೊಂದು, ಟೂತ್‌ಪೇಸ್ಟಿನ ಜಾಹೀರಾತಿಗೆ ಕರೆಸಿದ ಅಜ್ಜಿಯ ಹಾಗೆ, ತಣ್ಣಗೆ ನಗುತ್ತಿತ್ತು. ಅವಳು ಬಿಡಿಸಿಕೊಟ್ಟದ್ದು ನಗುವಲ್ಲ. ಎಡ ಹುಬ್ಬು ಮೇಲೇರಿ, ತುಟಿಯ ಕೊನೆ ಒಳಕ್ಕೆ ಎಳೆದುಕೊಂಡು, ಅಲ್ಲಿಗೇ ನಿಂತುಬಿಡುವ ಒಂದು ನೋಟ. ಯಂತ್ರ ಅದನ್ನು ನುಂಗಿ, ತನಗೆ ಬೇಕಾದ್ದನ್ನು ಉಗುಳಿತ್ತು.

ಯಂತ್ರದ ಹೆಸರು ಮುಖವಾಣಿ. ಧಾರವಾಡದ ಗುಡ್ಡದ ಮೇಲಿನ ಸಂಶೋಧನಾ ಕೇಂದ್ರದಲ್ಲಿ ಅದು ತಯಾರಾಗುತ್ತಿತ್ತು. ಪರೀಕ್ಷೆಗೆಂದು ಅದನ್ನು ಇಟ್ಟುಕೊಂಡ ಮನೆಗಳವರು ಮಾತ್ರ ಅದನ್ನು ‘ಮಾರಿ ಪೆಟಿಗಿ’, ಅಂದರೆ ಮುಖದ ಪೆಟ್ಟಿಗೆ, ಎನ್ನುತ್ತಿದ್ದರು. ಲಕ್ವಾ ಹೊಡೆದು ಮೈಯೂ ಮುಖವೂ ಕಲ್ಲಾದವರಿಗಾಗಿ ಅದು. ಅಂಥವರ ಮಿದುಳು ‘ನಗು’, ‘ಹುಬ್ಬು ಏರಿಸು’ ಎಂದು ಅಪ್ಪಣೆ ಕೊಡುವುದನ್ನು ಬಿಟ್ಟಿರುವುದಿಲ್ಲ. ಅಪ್ಪಣೆ ಸ್ನಾಯುವಿನವರೆಗೆ ತಲುಪುವುದಿಲ್ಲ, ಅಷ್ಟೇ. ತಲೆಗೆ ಕಟ್ಟಿದ ತೆಳುವಾದ ಪಟ್ಟಿಯೊಂದು ಆ ಅಪ್ಪಣೆಯನ್ನು ಹೊರಟಲ್ಲೇ ಹಿಡಿದು, ಹಾಸಿಗೆಯ ಪಕ್ಕದ ಪರದೆಯಲ್ಲಿ ಅದೇ ಮನುಷ್ಯನ ಮುಖವಾಗಿ ಆಡಿಸುತ್ತದೆ.

ಕೇಳಲು ಸರಳ. ಆದರೆ ಪಟ್ಟಿಗೆ ಸಿಗುವುದು ಮಳೆಗಾಲದಲ್ಲಿ ದೂರದ ರೇಡಿಯೋ ಕೇಳಿಸಿದ ಹಾಗೆ, ಅಲ್ಲೊಂದು ತುಣುಕು ಇಲ್ಲೊಂದು ತುಣುಕು. ನಡುವಿನದನ್ನು ಯಂತ್ರವೇ ತುಂಬಬೇಕು. ಅನಿಮೇಶನ್ ಕೆಲಸವೂ ಇದೇ ತಾನೆ. ಮುಖ್ಯ ಭಂಗಿಗಳನ್ನು ಒಬ್ಬರು ಬಿಡಿಸಿದರೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳನ್ನು ಇನ್ನೊಬ್ಬರು ತುಂಬುತ್ತಾರೆ. ಸಂಯುಕ್ತಾ ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಮಕ್ಕಳ ಕಾರ್ಟೂನುಗಳಿಗೆ ಅಂಥ ನಡುವಿನ ಚಿತ್ರಗಳನ್ನು ಬಿಡಿಸಿಯೇ ಅನ್ನ ಕಂಡವಳು. ಯಂತ್ರಗಳು ಆ ಕೆಲಸವನ್ನು ಚಿಟಿಕೆ ಹೊಡೆಯುವುದರಲ್ಲಿ ಮಾಡತೊಡಗಿದ ಮೇಲೆ ಸ್ಟುಡಿಯೋ ಮುಚ್ಚಿತು. ಯಂತ್ರಕ್ಕೆ ಬಾರದ ನಡುವಿನ ಚಿತ್ರ ಯಾವುದಾದರೂ ಇದ್ದೀತು, ಅದನ್ನೇ ಕಲಿಯೋಣವೆಂದು ಅವಳು ಮತ್ತೆ ಓದಲು ಸೇರಿದಳು. ಒಬ್ಬ ಮನುಷ್ಯನಿಗೆ ಮಾತ್ರ ಸೇರಿದ ಮುಖಚಲನೆಯನ್ನು ಕೈಯಿಂದ ಬಿಡಿಸಿ ಯಂತ್ರಕ್ಕೆ ಕಲಿಸುವುದು ಅವಳ ಸಂಶೋಧನೆಯ ವಿಷಯ. ‘ಕಾರ್ಟೂನಿನಾಗೂ ಡಾಕ್ಟರ್ ಆಗ್ತಾರೇನ?’ ಎಂದು ಊರಿನ ಸೋದರಮಾವ ಕೇಳಿದ್ದ. ಈಗೀಗ ಅವಳಿಗೂ ಅದೇ ಅನುಮಾನ ಬರತೊಡಗಿತ್ತು.

ಏಕೆಂದರೆ ಅವಳು ಏನು ಬಿಡಿಸಿಕೊಟ್ಟರೂ ಯಂತ್ರ ಅದನ್ನು ನಯಮಾಡುತ್ತಿತ್ತು. ಲಕ್ಷಗಟ್ಟಲೆ ಮುಖಗಳನ್ನು ನೋಡಿ ಕಲಿತ ಯಂತ್ರ ಅದು. ಕ್ಯಾಮೆರಾ ಕಂಡಾಗ ಜನ ಮಾಡುವುದೇನು? ನಗುತ್ತಾರೆ. ಹಾಗಾಗಿ ಅದರ ಪ್ರಕಾರ ಮನುಷ್ಯನ ಮುಖ ಎಂದರೆ ಈಗ ನಕ್ಕು ಮುಗಿಸಿದ್ದು, ಇಲ್ಲವೇ ಇನ್ನೇನು ನಗಲಿರುವುದು.

ಪರದೆಯಲ್ಲಿದ್ದ ಮುಖ ಇಂದುಮತಿ ಹಂಚಿನಮನಿಯವರದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಅಲ್ಲೇ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಊರಿನ ಅರ್ಧ ಹೆಂಗಸರಿಗೆ ಅವರು ಇಂದಿಗೂ ‘ಅಕ್ಕೋರು’. ಅವರು ಯಾರನ್ನೂ ಹೊಡೆದವರಲ್ಲ, ಕೂಗಿದವರಲ್ಲ. ಎಡ ಹುಬ್ಬು ಏರಿಸಿ ನಿಲ್ಲುತ್ತಿದ್ದರು. ಇಡೀ ವರ್ಗ ಉಸಿರು ಬಿಗಿಹಿಡಿಯುತ್ತಿತ್ತು. ಅಂಥವರು ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಕುಸಿದು ಬಿದ್ದರು. ಆಮೇಲೆ ಕಣ್ಣುಗಳು ಮೇಲೆ ಕೆಳಗೆ ಆಡುವುದೊಂದು ಉಳಿಯಿತು.

*

ವಾರಕ್ಕೊಮ್ಮೆ ಸಂಯುಕ್ತಾ ಮಾಳಮಡ್ಡಿಯ ಅವರ ಮನೆಗೆ ಹೋಗಿ ಯಂತ್ರದ ದಾಖಲೆಗಳನ್ನು ತೆಗೆದುಕೊಂಡು ಬರುತ್ತಿದ್ದಳು. ಆ ಶುಕ್ರವಾರ ಬೆಳಿಗ್ಗೆ ಹೋದಾಗ ಮಗಳು ಮಂದಾಕಿನಿ ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ನಲವತ್ತರ ಹತ್ತಿರದ, ಗಟ್ಟಿ ಮೈಕಟ್ಟಿನ ಹೆಂಗಸು. ರೈಲ್ವೆಯಲ್ಲಿ ಲೋಕೋ ಪೈಲಟ್. ಹುಬ್ಬಳ್ಳಿಯಿಂದ ಲೋಂಡಾ ದಾಟಿ ಘಟ್ಟದ ಕೆಳಗೆ ಗೂಡ್ಸ್ ಗಾಡಿ ಒಯ್ಯುತ್ತಿದ್ದವಳು, ತಾಯಿ ಬಿದ್ದಾಗಿನಿಂದ ರಜೆಯ ಮೇಲೆ ರಜೆ ಹಾಕಿ ಮನೆಯಲ್ಲಿದ್ದಳು. ಮನೆಯಲ್ಲಿ ಇದ್ದವರು ಅವರಿಬ್ಬರೇ.

ಮಂದಾಕಿನಿ ಮಾತಾಡುತ್ತಿದ್ದುದು ಹಾಸಿಗೆಯಲ್ಲಿದ್ದ ತಾಯಿಯ ಜೊತೆಗಲ್ಲ, ಪರದೆಯ ಜೊತೆಗೆ ಎಂಬುದನ್ನು ಸಂಯುಕ್ತಾ ಗಮನಿಸಿ ಎಷ್ಟೋ ದಿನವಾಗಿತ್ತು. ಬೈತಲೆ ತೆಗೆಯುವಾಗ ಮಾತ್ರ ತಾಯಿಯ ಕಡೆ ನೋಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದದ್ದು, ನೀರು ಬಾರದ್ದು, ಎದುರು ಮನೆಯವರು ಹೊಸ ಸೋಫಾ ತಂದದ್ದು ಎಲ್ಲವನ್ನೂ ಪರದೆಗೆ ಹೇಳುತ್ತಿದ್ದಳು. ಪರದೆ ಎಲ್ಲಕ್ಕೂ ನಗುತ್ತಿತ್ತು.

“ನೋಡ್ರಿ, ನಕ್ಕಳು,” ಎಂದಳು ಮಂದಾಕಿನಿ, ಬಾಚಣಿಗೆ ಹಿಡಿದ ಕೈಯಿಂದಲೇ ತೋರಿಸುತ್ತ. “ನಿಮಗ ಹೇಳಿದ್ರ ನಂಬೂದಿಲ್ಲ. ಎಸ್ಸೆಸ್ಸೆಲ್ಸಿಯೊಳಗ ನಾ ಜಿಲ್ಲಾಕ್ಕ ಫಸ್ಟ್ ಬಂದಾಗೂ ಇಕಿ ನಕ್ಕಿರಲಿಲ್ಲ. ‘ಗಣಿತದಾಗ ಎರಡು ಮಾರ್ಕ್ಸ್ ಎಲ್ಲಿ ಹೋದವು’ ಅಂತ ಕೇಳಿದ್ಲು. ಈಗ ನೋಡ್ರಿ. ದಿನಾ ಮುಂಜಾನೆ ನನ್ನ ನೋಡಿ ನಗ್ತಾಳ.”

ಆ ನಗು ಯಾರದೆಂದು ಸಂಯುಕ್ತಾಳಿಗೆ ಗೊತ್ತಿತ್ತು. ಹೇಳುವುದು ಹೇಗೆ?

ಮೊದಲಾಗಿದ್ದರೆ ಅಕ್ಕೋರನ್ನೇ ಕೇಳಬಹುದಿತ್ತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅಕ್ಷರಗಳ ಹಲಗೆಯೊಂದು ಇತ್ತು. ಎದುರಿಗೆ ಹಿಡಿದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟರೆ, ಬೇಕಾದದ್ದು ಬಂದಾಗ ಅಕ್ಕೋರು ಕಣ್ಣು ಮೇಲೆತ್ತುತ್ತಿದ್ದರು, ಬೇಡವಾದರೆ ಕೆಳಗೆ. ಅಕ್ಷರವಾದ ಮೇಲೆ ಕಾಗುಣಿತ. ಒಂದು ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗುತ್ತಿತ್ತು. ಪರದೆ ಬಂದ ಮೇಲೆ ಹಲಗೆ ಕಪಾಟು ಸೇರಿತು. ಮುಖವೇ ಮಾತಾಡುವಾಗ ಅಕ್ಷರ ಯಾಕೆ ಎಂದುಕೊಂಡರು ಎಲ್ಲರೂ. ಕೇಂದ್ರದವರೂ ಹಾಗೆಯೇ ಹೇಳಿದ್ದರು.

ಬಾಚಿ ಮುಗಿಸಿ ಜಡೆ ಹೆಣೆಯುತ್ತ ಮಂದಾಕಿನಿ, ಸೋಮವಾರ ಹುಬ್ಬಳ್ಳಿಗೆ ಹೋಗಿ ರಾಜೀನಾಮೆ ಕೊಟ್ಟು ಬರುವುದಾಗಿ ಹೇಳಿದಳು. ಇನ್ನು ರಜೆ ಸಿಗುವುದಿಲ್ಲವಂತೆ. ತಾಯಿಯನ್ನು ಪರರ ಕೈಗೆ ಬಿಡಲು ಅವಳಿಗೆ ಮನಸ್ಸಿಲ್ಲ. ತಾಯಿಗೂ ಅದೇ ಇಷ್ಟ ಎಂದಳು. ದಿನವೂ ಕೇಳಿದ್ದಾಳೆ, ದಿನವೂ ಆಕೆ ನಕ್ಕಿದ್ದಾಳೆ. “ಹೌದಿಲ್ಲವ್ವಾ?” ಎಂದು ಪರದೆಯ ಕಡೆ ತಿರುಗಿದಳು. ಪರದೆ ನಕ್ಕಿತು, ಸ್ವಲ್ಪ ಹೆಚ್ಚಾಗಿಯೇ.

ಸಂಯುಕ್ತಾ ಹಾಸಿಗೆಯ ಕಡೆ ನೋಡಿದಳು. ಅಕ್ಕೋರ ಕಣ್ಣುಗಳು ಕೆಳಗಿದ್ದವು. ರೆಪ್ಪೆ ಭಾರವಾಗಿ ಹಾಗಾಗಿರಬಹುದು. ಆಗದೆಯೂ ಇರಬಹುದು.

*

ಕೇಂದ್ರಕ್ಕೆ ಮರಳಿದವಳೇ ಅವಳು ಮುಖವನ್ನು ಬದಿಗಿಟ್ಟು, ಪಟ್ಟಿ ಹಿಡಿದ ಮೂಲ ಸಂಕೇತಗಳನ್ನು, ಜೊತೆಗೆ ದಾಖಲಾದ ಕೋಣೆಯ ಮಾತುಗಳ ಸಮೇತ, ತೆರೆದಳು. ಇಷ್ಟು ದಿನ ಅವನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಯಂತ್ರ ಕೊಡುವ ಅಂಕವನ್ನು: ಚಲನೆ ಎಷ್ಟು ನಯವಾಗಿದೆ, ಮನೆಯವರಿಗೆ ಎಷ್ಟು ಸಮಾಧಾನವಾಗಿದೆ. ಇಂದುಮತಿಯವರ ಮನೆಯ ಅಂಕ ಎಲ್ಲರಿಗಿಂತ ಮೇಲಿತ್ತು.

ಹುಬ್ಬಿನ ಸಂಕೇತ ಪರದೆಯ ಮೇಲೆ ಒಂದು ಗೆರೆಯಾಗಿ ಓಡುತ್ತಿತ್ತು. ಸಾರಿನ ಮಾತಿಗೆ, ಸೋಫಾದ ಮಾತಿಗೆ ಅದು ಸಣ್ಣಗೆ ಕುಣಿಯುತ್ತಿತ್ತು. ಮಂದಾಕಿನಿ ‘ಕೆಲಸ ಬಿಡ್ತೀನಿ’ ಎಂದ ಕಡೆ ಗೆರೆ ಗೋಡೆಯಂತೆ ನೆಟ್ಟಗೆ ಏರಿ, ತುದಿಯಲ್ಲಿ ಅಲುಗಾಡದೆ ನಿಂತಿತ್ತು. ಸಂಯುಕ್ತಾ ಹಿಂದಿನ ದಿನಗಳನ್ನು ತೆರೆದಳು. ಆ ಮಾತು ಬಂದಲ್ಲೆಲ್ಲ ಅದೇ ಗೋಡೆ, ಅದೇ ನಿಲುವು. ಪ್ರತಿ ಸಲವೂ ಮರುಕ್ಷಣ ಪರದೆಯ ಮುಖ ನಕ್ಕಿತ್ತು.

ಯಾಕೆಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಜೀವವಿರುವ ಮುಖ ಸದಾ ಸ್ವಲ್ಪವಾದರೂ ಅಲುಗುತ್ತಿರುತ್ತದೆ ಎಂದು ಯಂತ್ರಕ್ಕೆ ಕಲಿಸಿದ್ದರು. ಸಂಕೇತ ಅಲುಗದೆ ನಿಂತರೆ ಪಟ್ಟಿ ಜಾರಿದೆ, ಸಂಪರ್ಕ ಕಡಿದಿದೆ ಎಂದು ಅದು ತಿಳಿಯುತ್ತಿತ್ತು. ಆಗ ತನ್ನ ಬೊಕ್ಕಸದಿಂದ ಒಂದು ನಗು ತೆಗೆದು ಅಲ್ಲಿಗೆ ಹಚ್ಚುತ್ತಿತ್ತು. ಇಂದುಮತಿ ಅಕ್ಕೋರ ಮಾತೆಲ್ಲ ಇದ್ದುದೇ ಆ ನಿಲ್ಲುವುದರಲ್ಲಿ. ಅವರು ಇದ್ದಬದ್ದ ಶಕ್ತಿ ಹಾಕಿ ಬೇಡ ಎಂದ ಜಾಗದಲ್ಲೇ ಯಂತ್ರ ಅವರ ಬಾಯಿ ಮುಚ್ಚಿಸಿತ್ತು.

ಸಂಯುಕ್ತಾ ಅದನ್ನೆಲ್ಲ ಹೊತ್ತುಕೊಂಡು ತನ್ನ ಮಾರ್ಗದರ್ಶಕರಾದ ಗುರುಶಾಂತ ಕೊಪ್ಪದರ ಕೋಣೆಗೆ ಹೋದಳು. ಅವರು ಕೆಟ್ಟ ಮನುಷ್ಯರಲ್ಲ. ಗೆರೆಗಳನ್ನು ಒಂದೊಂದಾಗಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅವಳು ಹೇಳುತ್ತಿರುವುದು ಸರಿಯಿದ್ದೀತು ಎಂದೂ ಒಪ್ಪಿದರು. ಆದರೆ ಆರೋಗ್ಯ ಇಲಾಖೆಯವರು ಯಂತ್ರ ನೋಡಲು ಬರುವ ದಿನ ಹತ್ತಿರವಿದೆ, ಈಗ ಅದನ್ನು ಬಿಚ್ಚುವಂತಿಲ್ಲ ಎಂದರು. ಅವಳು ಬಿಡಲಿಲ್ಲ. ಕೊಪ್ಪದರು ಕಿಟಕಿಯ ಕಡೆ ತಿರುಗಿದರು.

“ನಮ್ಮಪ್ಪನೂ ಹಿಂಗ ಮಲಗಿದ್ದ,” ಎಂದರು. “ಮಾರಿ ಕಲ್ಲ ಆಗಿತ್ತು. ಮೊಮ್ಮಕ್ಕಳು ನೋಡಿ ಅಳತಿದ್ವು. ಬಂಧುಬಳಗ ಹೊರಗ ಚಹಾ ಕುಡದು ಹೋಗೂದು, ಖೋಲ್ಯಾಗ ಕಾಲು ಇಡತಿರಲಿಲ್ಲ. ನಗಿ ಸುಳ್ಳಿರಬಹುದವಾ. ಅದನ್ನ ನೋಡಿ ಒಳಗ ಬರೋ ಮಂದಿ ಖರೇನ.”

“ಮಂದಿ ಬಂದ್ರು ಸರ್, ಖರೆ,” ಎಂದಳು ಸಂಯುಕ್ತಾ. “ಆದ್ರ ಅವರ ಜೋಡಿ ಮಾತಾಡಾಕತ್ತಿದ್ದು ನಾವು. ಅಕ್ಕೋರಲ್ಲ.”

ನಿಂತ ಮುಖವನ್ನು ಜೀವಂತವಾಗಿ ಬಿಡಿಸಿ ತೋರಿಸಿದರೆ ಆಗ ನೋಡೋಣ ಎಂದರು ಕೊಪ್ಪದರು. ಸತ್ತವರ ಫೋಟೋದ ಹಾಗೆ ಕಂಡರೆ ಯಾವ ಮನೆಯವರೂ ಒಪ್ಪುವುದಿಲ್ಲ. ಆ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು.

*

ಅನಿಮೇಶನ್‌ನಲ್ಲಿ ಓಡುವುದು ಸುಲಭ, ನಿಲ್ಲುವುದು ಕಷ್ಟ. ಒಂದೇ ಚಿತ್ರವನ್ನು ಪರದೆಯ ಮೇಲೆ ಹಾಗೇ ಬಿಟ್ಟರೆ ಕ್ಷಣದಲ್ಲಿ ಜೀವ ಹಾರಿಹೋಗುತ್ತದೆ. ಸ್ವಲ್ಪ ಅಲುಗಿಸಿದರೆ ನಿಂತದ್ದು ನಿಂತಂತಾಗುವುದಿಲ್ಲ, ತೇಲಿದಂತಾಗುತ್ತದೆ. ಹಳೆಯ ಚಿತ್ರಕಾರರು ಅದೇ ಚಿತ್ರವನ್ನು ಮತ್ತೆ ಮತ್ತೆ, ಹೊಸದಾಗಿ ಬಿಡಿಸಿ, ಗೆರೆಯ ಆ ಸಣ್ಣ ನಡುಕದಲ್ಲಿ ಉಸಿರು ಉಳಿಸುತ್ತಿದ್ದರು. ಸಂಯುಕ್ತಾ ಇದನ್ನು ಪುಸ್ತಕಗಳಲ್ಲಿ ಓದಿದ್ದಳು, ಅದರ ಮೇಲೆ ಒಂದು ಪ್ರಬಂಧವನ್ನೂ ಮಂಡಿಸಿದ್ದಳು. ಕೈಗೆ ಮಾತ್ರ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನವೆಲ್ಲ ಬಿಡಿಸಿದಳು. ಮೊದಲನೆಯದು ಬಲಿ ಕೇಳುವ ದೇವತೆಯ ಹಾಗೆ ಬಂತು. ಇನ್ನೊಂದರಲ್ಲಿ ಅಕ್ಕೋರಿಗೆ ಹಲ್ಲುನೋವು. ಮತ್ತೊಂದರಲ್ಲಿ ಹುಬ್ಬು ಏರಿಸಿದವರು ಅಲ್ಲೇ ನಿದ್ದೆ ಹೋದಂತಿತ್ತು. ಹಾಸ್ಟೆಲಿನ ಮೆಸ್ಸಿನಲ್ಲಿ ರೊಟ್ಟಿ ಆರಿದೆ ಎಂದು ಸುಮ್ಮಸುಮ್ಮನೆ ಜಗಳ ತೆಗೆದು, ಆಮೇಲೆ ನಾಚಿ, ಆರಿದ ರೊಟ್ಟಿಯನ್ನೇ ತಿಂದು ಎದ್ದಳು. ಇಷ್ಟು ವರ್ಷ ಕೂತು ಕಲಿತದ್ದೇನು? ಒಂದು ಹುಬ್ಬನ್ನು ನಿಲ್ಲಿಸಲು ಬರುವುದಿಲ್ಲ. ಅತ್ತ ಸೋಮವಾರ ಬಂದರೆ ಒಬ್ಬ ಹೆಂಗಸು, ತನ್ನ ಕೇಂದ್ರ ಹಚ್ಚಿಕೊಟ್ಟ ನಗುವನ್ನು ನಂಬಿ, ಕೆಲಸ ಬಿಟ್ಟುಬರುತ್ತಾಳೆ.

ಶನಿವಾರ ಅವಳು ಕಡ್ಡಿ ಮುಟ್ಟಲಿಲ್ಲ. ಮಂದಾಕಿನಿ ಹಿಂದೆಂದೋ ಕೊಟ್ಟಿದ್ದ ಶಾಲೆಯ ಹಳೆಯ ವಿಡಿಯೋಗಳನ್ನು ಹಾಕಿಕೊಂಡು ಕೂತಳು. ಗ್ಯಾದರಿಂಗಿನ ದಿನ, ಎಂದರೆ ಶಾಲೆಯ ವಾರ್ಷಿಕೋತ್ಸವ, ಬಹುಮಾನ ಹಂಚುವ ಹೊತ್ತು. ಹಿಂದೆ ಯಾರೋ ಹುಡುಗಿಯರು ಗುಸುಗುಸು ನಗುತ್ತಾರೆ. ವೇದಿಕೆಯಲ್ಲಿದ್ದ ಅಕ್ಕೋರು ತಲೆ ಎತ್ತುತ್ತಾರೆ, ಹುಬ್ಬು ಏರುತ್ತದೆ, ನಿಲ್ಲುತ್ತದೆ. ಸಂಯುಕ್ತಾ ಅದನ್ನೇ ಹಿಂದೆ ಮುಂದೆ ಓಡಿಸಿದಳು. ಹುಬ್ಬು ನೋಡಿ ನೋಡಿ ಬೇಸತ್ತು, ಉಳಿದ ಮುಖವನ್ನು ನೋಡತೊಡಗಿದಳು. ಕೊನೆಗೊಮ್ಮೆ ಕಂಡಿತು. ಹುಬ್ಬು ಏರುವ ಮೊದಲು ಅಕ್ಕೋರು ಉಸಿರು ಎಳೆದುಕೊಳ್ಳುತ್ತಾರೆ, ಬಿಡುವುದಿಲ್ಲ. ಮುಖವೆಲ್ಲ ಆ ಹಿಡಿದ ಉಸಿರಿನ ಮೇಲೆ ನಿಂತಿರುತ್ತದೆ. ಅಷ್ಟು ಹೊತ್ತೂ ಕಣ್ಣು ಮಾತ್ರ ನಿಂತಿರುವುದಿಲ್ಲ. ಅದು ಮೆಲ್ಲಗೆ, ಸಾಲಿನಿಂದ ಸಾಲಿಗೆ, ನಕ್ಕವಳನ್ನು ಹುಡುಕುತ್ತಿರುತ್ತದೆ.

ಅಕ್ಕೋರ ಮೈಯಲ್ಲಿ ಇನ್ನೂ ಉಳಿದಿರುವುದು ಆ ಕಣ್ಣುಗಳೇ.

ಅವಳು ಯಂತ್ರದ ಪರದೆಯ ಮೇಲಿದ್ದ ಪುಟ್ಟ ಕ್ಯಾಮೆರಾವನ್ನು ಹಾಸಿಗೆಯಲ್ಲಿರುವವರ ನಿಜವಾದ ಕಣ್ಣಿಗೆ ಜೋಡಿಸುವ ಏರ್ಪಾಡು ಮಾಡಿದಳು. ಕಣ್ಣು ಜೀವಂತವಾಗಿರುವ ತನಕ ಹುಬ್ಬಿನ ಸಂಕೇತ ಎಷ್ಟು ಹೊತ್ತು ನಿಂತರೂ ಅದು ಕಡಿದ ಸಂಪರ್ಕವಲ್ಲ. ಯಂತ್ರ ತನ್ನ ಬೊಕ್ಕಸಕ್ಕೆ ಕೈಹಾಕಕೂಡದು. ಹಿಡಿದ ಉಸಿರಿನ ಮುಖವನ್ನು ಕೈಯಿಂದಲೇ ಬಿಡಿಸಿ, ಬಿಡಿಸಿದ್ದರ ಮೇಲೆ ಬಿಡಿಸಿ, ಭಾನುವಾರ ಬೆಳಿಗ್ಗೆ ಅದನ್ನು ಹಾಕಿ ನೋಡಿದಳು. ಪರದೆಯಲ್ಲಿ ಅಕ್ಕೋರ ಹುಬ್ಬು ಏರಿತು, ನಿಂತಿತು. ಸಂಯುಕ್ತಾ ತನಗರಿವಿಲ್ಲದೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

*

ಅದೇ ದಿನ ಮಾಳಮಡ್ಡಿಗೆ ಹೋಗಿ, ಮಂದಾಕಿನಿಗೆ ಅವಳು ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಗೆರೆಗಳನ್ನು ತೋರಿಸಿದಳು. ಯಂತ್ರ ಹೇಗೆ ತುಂಬುತ್ತದೆಂದು ವಿವರಿಸಿದಳು. ತಮ್ಮ ಕೇಂದ್ರದ ತಪ್ಪೆಂದೂ ಒಪ್ಪಿಕೊಂಡಳು. ಮಂದಾಕಿನಿ ಒಲೆಯ ಉರಿ ಸಣ್ಣ ಮಾಡಿ ಕೇಳುತ್ತ ನಿಂತಳು. ಮುಖದಲ್ಲಿ ಏನೂ ತೋರಲಿಲ್ಲ. ಆ ವಿಷಯದಲ್ಲಿ ತಾಯಿಯ ಮಗಳೇ.

“ಅಂದ್ರ ಇಷ್ಟು ದಿನ ನಕ್ಕಿದ್ದು ನಮ್ಮವ್ವ ಅಲ್ಲ,” ಎಂದಳು ಕೊನೆಗೆ.

“ಅಲ್ರಿ ಅಕ್ಕಾ.”

“ನೀವು ಹೇಳಬಾರದಾಗಿತ್ತು.” ಅವಳು ಒಲೆಯ ಕಡೆ ತಿರುಗಿದಳು. “ಆ ಪೆಟಿಗಿ ಹೆಂಗ ಐತೋ ಹಂಗ ಇರಲಿ. ನಾ ಹುಟ್ಟಿದಾಗಿಂದ ಆ ಹುಬ್ಬು ನೋಡೀನಿ. ನನಗ ಬ್ಯಾಡ. ನನಗ ನಗೂ ಅವ್ವ ಬೇಕು. ಸುಳ್ಳಾದ್ರೂ ಅಡ್ಡಿಯಿಲ್ಲ.”

ಸಂಯುಕ್ತಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಹೆಂಗಸು ಕೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಹೋಗಿಬಿಡೋಣವೆಂದು ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಗೆ ಹೋಗುವ ದಾರಿ ಅಕ್ಕೋರ ಕೋಣೆಯ ಮುಂದೆಯೇ. ಪರದೆ ಯಥಾಪ್ರಕಾರ ನಗುತ್ತಿತ್ತು. ಅವಳು ಒಳಗೆ ಹೋಗಿ, ಪರದೆಗೆ ಬೆನ್ನು ಮಾಡಿ, ಹಾಸಿಗೆಯ ಹತ್ತಿರ ಮೊಣಕಾಲೂರಿದಳು. ಮಂದಾಕಿನಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕೋರ,” ಎಂದಳು ಸಂಯುಕ್ತಾ. “ಈ ಪೆಟಿಗಿಯೊಳಗಿನ ನಗಿ ನಿಮ್ಮದಲ್ಲ. ನಾ ನಿಮ್ಮ ಮಾರಿ ಬಿಡಿಸಿಕೊಂಡು ಬಂದೀನಿ. ಹಾಕಲೇನು? ಹೂಂ ಅಂದ್ರ ಕಣ್ಣು ಮ್ಯಾಲ ಮಾಡ್ರಿ. ನಿಮ್ಮನ್ನ ಮೊದಲ ಕೇಳಬೇಕಾಗಿತ್ತು, ಕೇಳಲಿಲ್ಲ.”

ಅಕ್ಕೋರ ಕಣ್ಣುಗಳು ಮೇಲೆ ಹೋದವು. ಎಷ್ಟು ಮೇಲೆಂದರೆ, ಬರಿಯ ಬಿಳಿ ಕಾಣುವಷ್ಟು. ಹಾಗೇ ನಿಂತವು.

ಬಾಗಿಲಲ್ಲಿದ್ದ ಮಂದಾಕಿನಿ ಅದನ್ನು ನೋಡಿದಳು. ಬೇಡ ಎನ್ನಲಿಲ್ಲ.

ಸಂಯುಕ್ತಾ ಹೊಸದನ್ನು ಹಾಕಿದಾಗ ಮೊದಲು ಪರದೆಯ ಮುಖ ಸುಮ್ಮನೆ ಇತ್ತು. ಮಂದಾಕಿನಿ ಹೆದರಿ, ಕೆಟ್ಟಿತೇನು ಎಂದು ಕೇಳಿದಳು. ಕೆಟ್ಟಿರಲಿಲ್ಲ. ಎಡ ಹುಬ್ಬು ಏರಿತು. ತುಟಿಯ ಕೊನೆ ಒಳಗೆ ಹೋಯಿತು. ಮುಖ ನಿಂತಿತು. ಕಣ್ಣು ಮಾತ್ರ ಮೆಲ್ಲಗೆ ಮೇಲೆ ಬಂದು ನೆಲೆಯಾಯಿತು. ಗೂಡ್ಸ್ ಗಾಡಿಯನ್ನು ಘಟ್ಟ ಇಳಿಸುವ ಹೆಂಗಸು ಬಾಗಿಲಿಗೆ ಒರಗಿದ್ದವಳು ಸರಿದು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಶಾಲೆಯ ಹುಡುಗಿಯಂತೆ ನೆಟ್ಟಗೆ ನಿಂತಳು.

ಆಮೇಲೆ ಅವಳು ಮಾತಾಡತೊಡಗಿದಳು. ಇಷ್ಟು ದಿನ ಪರದೆಗೆ ಹೇಳುತ್ತಿದ್ದ ಸಾರು ಸೋಫಾದ ಮಾತುಗಳಲ್ಲ. ಯಾವಾಗ ನೋಡಿದರೂ ಇದೇ ಹುಬ್ಬು ಎಂದಳು. ಮಾರ್ಕ್ಸ್ ತಂದರೆ ಇದು, ನೌಕರಿ ಹಿಡಿದರೆ ಇದು, ಮೊದಲನೇ ಸಲ ಒಬ್ಬಳೇ ಗಾಡಿ ಒಯ್ದು ಬಂದು ಹೇಳಿದರೂ ಇದು. ಈಗ ಹೇಲು ಉಚ್ಚೆ ಬಳಿದು, ಬಾಯಿಗೆ ತುತ್ತಿಟ್ಟು, ಇದ್ದ ಕೆಲಸವನ್ನೂ ಬಿಡುತ್ತೇನೆಂದರೆ ಅದಕ್ಕೂ ಇದೇನಾ? ಏನು ಮಾಡಿದರೆ ನಿನಗೆ ಸಾಕಾಗುತ್ತದೆ ಎಂದು ಕೇಳಿದಳು. ದನಿ ಏರಿ ಎದುರು ಮನೆಯ ಕಿಟಕಿ ತೆರೆದ ಸದ್ದಾಯಿತು. ಸಂಯುಕ್ತಾ ಗೋಡೆಗೆ ಅಂಟಿ ನಿಂತಿದ್ದಳು. ಪರದೆಯ ಹುಬ್ಬು ಇಳಿಯಲಿಲ್ಲ.

ಹಾಗಿದ್ದುದು ಒಮ್ಮೆಲೇ ಅರ್ಧ ಇಳಿಯಿತು. ತುಟಿ ಒಂದು ಕಡೆ ಸೊಟ್ಟಗಾಗಿ, ಗಲ್ಲ ನಡುಗಲು ಹೊರಟು, ಚಿತ್ರ ಅಲ್ಲೇ ಸಿಕ್ಕಿಹಾಕಿಕೊಂಡಿತು. ಮುಖ ಒಡೆದ ಗಡಿಗೆಯ ಹಾಗೆ ಎರಡು ತುಂಡಾಗಿ ಕಂಡಿತು. ಅಕ್ಕೋರು ಈಗ ಮಾಡುತ್ತಿರುವ ಮುಖ ಯಾವ ವಿಡಿಯೋದಲ್ಲೂ ಇರಲಿಲ್ಲ. ಸಂಯುಕ್ತಾ ಅದನ್ನು ಬಿಡಿಸಿರಲಿಲ್ಲ. ಯಂತ್ರಕ್ಕೆ ತುಂಬಬೇಡವೆಂದು ಹೇಳಿಟ್ಟವಳೂ ಅವಳೇ.

ಪರದೆಯಲ್ಲಿ ನೋಡಲು ಏನೂ ಉಳಿಯದಿದ್ದಾಗ ಮಂದಾಕಿನಿ ಹಾಸಿಗೆಯ ಕಡೆ ತಿರುಗಿದಳು. ಅಲ್ಲಿ ತಾಯಿಯ ಮುಖ ಎಂದಿನಂತೆ ಕಲ್ಲಾಗಿತ್ತು. ಕಣ್ಣಿನ ಎರಡೂ ಕಡೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು.

ಮಂದಾಕಿನಿ ಮೊದಲು ಸೆರಗಿನಿಂದ ಕಿವಿ ಒರೆಸಿದಳು. ಆಮೇಲೆ ಪರದೆಯನ್ನು ಆರಿಸಿ, ಕಪಾಟಿನಿಂದ ಹಲಗೆ ತಂದು, ಹಾಸಿಗೆಯ ಮೇಲೆ ಕೂತಳು. ಸಂಯುಕ್ತಾ ಹೊರಗೆ ಹೋಗಲು ನೋಡಿದಳು. ಹಲಗೆ ಹಿಡಿಯಲು ಇನ್ನೊಬ್ಬರು ಬೇಕು, ಹೋಗಬೇಡಿ ಎಂದು ಮಂದಾಕಿನಿಯೇ ಕರೆದಳು.

ಹ. ಓ. ಗ. ಉ.

“ಹೋಗು,” ಎಂದು ಓದಿದಳು ಮಂದಾಕಿನಿ. ಅವಳ ಮುಖ ಕೆಂಪಾಯಿತು. “ಎಲ್ಲಿಗೆ ಹೋಗಲಿ? ನಿನ್ನ ಕಣ್ಣ ಮುಂದಿಂದ ಹೋಗಲೇನು?”

ಕಣ್ಣು ಕೆಳಗೆ. ಮತ್ತೆ ಹಲಗೆ. ಗ. ಆ. ಡ. ಇ.

ಗಾಡಿ.

ಒಲೆಯ ಮೇಲೆ ಇಟ್ಟದ್ದು ಸೀದ ವಾಸನೆ ಬಂತು, ಯಾರೂ ಏಳಲಿಲ್ಲ. ತಾನು ಹೋದರೆ ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಂದಾಕಿನಿ ಕೊನೆಗೆ ಮೆಲ್ಲಗೆ ಕೇಳಿದಳು. ಅಕ್ಕೋರು ದಣಿದಿದ್ದರು, ರೆಪ್ಪೆ ಜೋಲುತ್ತಿತ್ತು. ಆದರೂ ಕಣ್ಣು ಹಲಗೆಯನ್ನು ಬಿಡಲಿಲ್ಲ. ನ. ಆ. ನ. ಉ.

ನಾನು.

ಕೈಬೆರಳು ಅಲುಗಿಸಲಾಗದ ಹೆಂಗಸು ತನ್ನನ್ನು ತಾನೇ ನೋಡಿಕೊಳ್ಳುತ್ತೇನೆ ಎಂದದ್ದಕ್ಕೆ ಮಂದಾಕಿನಿಗೆ ನಗು ಬಂತು. ನಗುತ್ತ ನಗುತ್ತ ತಾಯಿಯ ಎದೆಯ ಮೇಲೆ ತಲೆಯಿಟ್ಟು ಅತ್ತಳು.

*

ಸೋಮವಾರ ಮಂದಾಕಿನಿ ಹುಬ್ಬಳ್ಳಿಗೆ ಹೋದಳು, ಯಾವಾಗ ಕೆಲಸಕ್ಕೆ ಬರಬೇಕೆಂದು ಕೇಳಿಕೊಂಡು ಬರಲು. ಹಗಲಿಗೆ ಒಬ್ಬ ನರ್ಸನ್ನು ಗೊತ್ತು ಮಾಡಿದರು. ಊರಲ್ಲಿದ್ದ ಅಕ್ಕೋರ ಹಳೆಯ ವಿದ್ಯಾರ್ಥಿನಿಯರು ಸರದಿಯ ಮೇಲೆ ಬಂದು ಹೋಗತೊಡಗಿದರು. ಅವರಲ್ಲಿ ಕೆಲವರು ಪರದೆಯ ಹುಬ್ಬು ನೋಡಿ ಬಾಗಿಲಲ್ಲೇ ಚಪ್ಪಲಿ ಸಾಲಾಗಿ ಇಡುತ್ತಿದ್ದರು. ಕೊಪ್ಪದರ ಭಯ ಈ ಮನೆಯ ಮಟ್ಟಿಗೆ ಸುಳ್ಳಾಯಿತು.

ಉಳಿದದ್ದೆಲ್ಲ ಸಂಯುಕ್ತಾ ಬಯಸಿದಂತೇನೂ ಆಗಲಿಲ್ಲ. ಆರೋಗ್ಯ ಇಲಾಖೆಯವರು ಬಂದರು, ಬೇರೊಂದು ಮನೆಯ ನಗುಮುಖ ನೋಡಿ ಕಣ್ಣೊರೆಸಿಕೊಂಡರು. ಮುಖವಾಣಿ ನಗುತ್ತಲೇ ಆಸ್ಪತ್ರೆಗಳಿಗೆ ಹೋಯಿತು. ಅವಳ ನಿಂತ ಮುಖಕ್ಕೂ ಕೊಪ್ಪದರು ಒಂದು ಜಾಗ ಮಾಡಿಕೊಟ್ಟರು: ಆಯ್ಕೆಗಳ ಕೊನೆಯ ಪುಟದಲ್ಲಿ, ಕೊನೆಯ ಸಾಲಿನಲ್ಲಿ. ಇಷ್ಟಾದರೂ ಆಯಿತಲ್ಲ ಎಂದರು. ಅವಳಿಗೆ ಆಯಿತು ಅನಿಸಲಿಲ್ಲ. ಮಹಾಪ್ರಬಂಧ ಸಮಿತಿಯಿಂದ ಹಿಂದಕ್ಕೆ ಬಂತು. ಒಬ್ಬರ ಮುಖದಿಂದ ಸಿದ್ಧಾಂತವಾಗುವುದಿಲ್ಲ, ಇನ್ನೂ ಹಲವರ ಮೇಲೆ ಮಾಡಿ ತೋರಿಸಿ ಎಂದು ಬರೆದಿದ್ದರು. ಒಬ್ಬೊಬ್ಬರ ಮುಖ ಒಬ್ಬೊಬ್ಬರದೇ ಎಂಬುದೇ ತನ್ನ ಸಿದ್ಧಾಂತ ಎಂದು ಅವಳು ಕೂಗಾಡಿದಳು, ತನ್ನ ಕೋಣೆಯಲ್ಲಿ, ಒಬ್ಬಳೇ. ಕೂಗಿ ಮುಗಿದ ಮೇಲೆ, ಉಳಿದ ಮನೆಗಳ ಹಾಸಿಗೆಗಳಲ್ಲಿ ಇರುವವರನ್ನೂ ಯಾರೂ ಕೇಳಿಲ್ಲ ಎಂಬುದು ನೆನಪಾಯಿತು. ಹಾಗೆ ನೋಡಿದರೆ ಸಮಿತಿ ಹೇಳಿದ್ದರಲ್ಲೂ ಅರ್ಥವಿತ್ತು. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಆದರೆ ಮೊದಲು ಮುಗಿಸಬೇಕಾದ ಕೆಲಸವೊಂದಿತ್ತು. ಆ ದಿನ ಪರದೆಯಲ್ಲಿ ಒಡೆದುಹೋದ ಮುಖ.

ಅವಳು ಕಾಗದ ಪೆನ್ಸಿಲ್ ತೆಗೆದುಕೊಂಡು ಮಾಳಮಡ್ಡಿಗೆ ಹೋಗಿ, ಅಕ್ಕೋರ ಪಕ್ಕದಲ್ಲೇ ಕೂತು, ಅಳುವ ಮುಖವನ್ನು ಬಿಡಿಸಿ ಅವರ ಕಣ್ಣೆದುರು ಹಿಡಿದಳು. ಕಣ್ಣು ಕೆಳಗೆ ಹೋಯಿತು. ಇನ್ನೊಂದು ಬಿಡಿಸಿದಳು, ಕೆಳಗೆ. ಮತ್ತೊಂದು ವಾರ ಹೋಗಿ ತುಟಿ ಬದಲಿಸಿದಳು, ಗಲ್ಲ ಬದಲಿಸಿದಳು. ಕೆಳಗೆ, ಕೆಳಗೆ. ಯಂತ್ರ ಅವಳ ಚಿತ್ರಗಳನ್ನು ಬೇಡವೆಂದು ಎಂದೂ ಹೇಳಿರಲಿಲ್ಲ, ಸುಮ್ಮನೆ ತಿದ್ದಿಬಿಡುತ್ತಿತ್ತು. ಇಲ್ಲಿ ತಿದ್ದುವವರಿಲ್ಲ, ಬೇಡ ಎನ್ನುವವರಷ್ಟೇ. ಒಂದು ಮಧ್ಯಾಹ್ನ ತಾಳ್ಮೆ ತಪ್ಪಿ ಅವಳು ಹಲಗೆ ಎತ್ತಿಕೊಂಡು, ಏನು ತಪ್ಪಾಗಿದೆ ಎಂದಾದರೂ ಹೇಳಿರಿ ಎಂದಳು. ನರ್ಸ್ ಹಲಗೆ ಹಿಡಿದಳು, ಸಂಯುಕ್ತಾ ಬೆರಳಿಟ್ಟಳು.

ಮ. ಊ. ಗ. ಉ.

ಮೂಗು. ಅಳುವಾಗ ಎಲ್ಲರಿಗೂ ಆಗುವಂತೆ ಅವಳು ಹೊಳ್ಳೆ ಅರಳಿಸಿ ಬಿಡಿಸಿದ್ದಳು.

“ಹಾಸಿಗಿ ಹಿಡಿಯೂದಕ್ಕಿಂತ ಮೊದಲ ನೀವು ಅತ್ತದ್ದ ಯಾರೂ ನೋಡಿಲ್ರಿ ಅಕ್ಕೋರ,” ಎಂದಳು, ಸ್ವಲ್ಪ ಸೋತು, ಸ್ವಲ್ಪ ರೇಗಿ. “ಮಂದಾಕಿನಿ ಅಕ್ಕಾನೂ ನೋಡಿಲ್ಲಂತ. ಅಳೂವಾಗ ಮೂಗು ಹೆಂಗ ಆಗ್ತದಂತ ನಿಮಗರ ಹೆಂಗ ಗೊತ್ತು?”

ಅಕ್ಕೋರ ಕಣ್ಣು ಹಲಗೆಗೆ ಹೋಯಿತು. ಅವಳು ಮತ್ತೆ ಬೆರಳು ಓಡಿಸಿದಳು. ಕ. ನ. ಮತ್ತೆ ನ. ಒತ್ತಕ್ಷರ ಹಲಗೆಯಲ್ಲಿ ಇರಲಿಲ್ಲ. ಡ. ಇ.

ಕನ್ನಡಿ.

ಸಂಯುಕ್ತಾ ಆ ಅಕ್ಷರಗಳನ್ನು ಜೋಡಿಸಿ ಓದಿ, ಗಟ್ಟಿಯಾಗಿ ಹೇಳದೆ, ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಕಾಗದ ತೊಡೆಯ ಮೇಲಿಟ್ಟುಕೊಂಡು ಮೂಗನ್ನು ಅಳಿಸಿದಳು.